ಹೋಗಲೆಂದೇ ಬರುವ ಮ್ಯಾನೇಜರ್

ಕತ್ತಲು ಪೂರ್ತಿ ಕರಗಿಲ್ಲ. ಲಾಂಡ್ರಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತ ವ್ಯಾನಿನಿಂದ ಆಸ್ಪತ್ರೆಗಳ ಬಟ್ಟೆಗಂಟುಗಳು ಒಂದೊಂದೇ ಕೆಳಗಿಳಿಯುತ್ತಿವೆ. ಹಾಸಿಗೆಯ ಬಿಳಿ ಚಾದರ, ದಿಂಬಿನ ಕವರು, ಆಪರೇಷನ್ ಥಿಯೇಟರಿನ ಹಸಿರು ನಿಲುವಂಗಿ. ಒಳಗೆ ಬಾಯ್ಲರ್ ಆಗಲೇ ಬುಸುಗುಡುತ್ತಿದೆ. ಆಳೆತ್ತರದ ವಾಷಿಂಗ್ ಮೆಷಿನ್‌ಗಳ ಗಡಗಡ ಸದ್ದಿಗೆ ಕಾಲಡಿಯ ನೆಲ ಸಣ್ಣಗೆ ನಡುಗುತ್ತಿದೆ. ಎಲ್ಲರ ಕೈಯಲ್ಲೂ ಒಂದಲ್ಲ ಒಂದು ಕೆಲಸ, ಒಬ್ಬರನ್ನು ಬಿಟ್ಟು. ಐವತ್ತು ದಾಟಿದ ಆ ಹೆಂಗಸು ಗೋಡೆಗೊರಗಿ, ಕೈಕಟ್ಟಿಕೊಂಡು ಸುಮ್ಮನೆ ನಿಂತಿದ್ದಾರೆ.

ಅಷ್ಟರಲ್ಲಿ ಇಸ್ತ್ರಿ ಮಾಡುವ ದೊಡ್ಡ ರೋಲರಿಗೆ ಚಾದರವೊಂದು ಸುತ್ತಿಕೊಳ್ಳುತ್ತದೆ. ಯಾರೋ ಓಡಿ ಹೋಗಿ ಕೆಂಪು ಗುಂಡಿ ಒತ್ತುತ್ತಾರೆ. ಮೆಷಿನ್ ನಿಂತ ಕೂಡಲೇ ಎಲ್ಲರ ಕಣ್ಣು ಗೋಡೆಗೊರಗಿದವರ ಕಡೆ ತಿರುಗುತ್ತದೆ. ಅವರು ಜಾಗ ಬಿಟ್ಟು ಕದಲದೆ, ಇಸ್ತ್ರಿ ವಿಭಾಗದ ಮೇಲ್ವಿಚಾರಕಿಯನ್ನು ನೋಡಿ, "ಏನ್ ಮಾಡೋಣ ಅಕ್ಕಾ?" ಅನ್ನುತ್ತಾರೆ. ಮೇಲ್ವಿಚಾರಕಿ ಒಂದು ಗಳಿಗೆ ತಡವರಿಸುತ್ತಾರೆ. ಆಮೇಲೆ ದನಿ ಏರಿಸಿ, "ಆಪರೇಷನ್ ಬಟ್ಟೆ ಎಲ್ಲಾ ಆ ಕಡೆ ರೋಲರಿಗೆ ಹಾಕಿ. ದಿಂಬಿನ ಕವರು ಸ್ವಲ್ಪ ಕಾಯ್ಲಿ" ಎಂದು ಹೇಳುತ್ತಾರೆ. ಕೆಲಸ ಮತ್ತೆ ಸಾಗುತ್ತದೆ.

"ನೋಡಿದ್ರಾ, ಇದೇ ನನ್ನ ಕೆಲಸ. ಸುಮ್ಮನೆ ನಿಂತಿರೋದು," ಎಂದು ಆ ಹೆಂಗಸು ನನ್ನ ಕಿವಿಯ ಬಳಿ ಬಾಗಿ ನಗುತ್ತಾರೆ. ಮೆಷಿನ್ನಿನ ಸದ್ದಿಗೆ ಹಾಗೆ ಬಾಗದೆ ಏನೂ ಕೇಳಿಸದು. "ಕೈ ತುರಿಸ್ತಾ ಇರುತ್ತೆ, ಹೋಗಿ ನಾನೇ ಬಿಡಿಸಿಬಿಡೋಣ ಅಂತ. ಆದ್ರೆ ಇವತ್ತು ನಾನು ಬಿಡಿಸಿದ್ರೆ ಮುಂದಿನ ಸಲಾನೂ ನನ್ನೇ ಕಾಯ್ತಾರೆ. ಮುಂದಿನ ಸಲ ನಾನು ಇರಲ್ವಲ್ಲ!"

ಇವರು ಈ ಲಾಂಡ್ರಿಯ ಮ್ಯಾನೇಜರ್. ಆದರೆ ಇನ್ನು ಕೆಲವೇ ತಿಂಗಳು ಮಾತ್ರ. ಬರುವಾಗಲೇ ಹೋಗುವ ಲೆಕ್ಕ ಹಾಕಿಕೊಂಡು ಬಂದವರು. ಇಲ್ಲಿ ಎಲ್ಲರೂ ಇವರನ್ನು 'ಹಂಗಾಮಿ ಮೇಡಂ' ಎನ್ನುತ್ತಾರೆ. ಅದಕ್ಕೂ ಅವರ ಹತ್ತಿರ ಒಂದು ತಮಾಷೆ ತಯಾರಿದೆ. "ಹೆಸರಲ್ಲಷ್ಟೇ ಹಂಗು. ನಂಗೆ ಯಾರ ಹಂಗೂ ಇಲ್ಲ. ಅದಕ್ಕೇ ನಿಜ ಹೇಳೋಕೆ ಸಲೀಸು."

ಇಂಥದ್ದೊಂದು ಕೆಲಸ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನರ್ಸ್ ಆಗಿರುವ ನನ್ನ ತಂಗಿ ಒಂದು ದಿನ ಮಾತಿನ ನಡುವೆ, "ನಮ್ಮ ಆಸ್ಪತ್ರೆಗೆ ಒಗೆದ ಬಟ್ಟೆ ಬರೋದೇ ನಿಂತು ಹೋಗೋ ಹಾಗಿತ್ತು ಕಣೋ. ಚಾದರ ಇಲ್ಲ ಅಂತ ಎರಡು ಆಪರೇಷನ್ ಮುಂದಕ್ಕೆ ಹಾಕಿದ್ರು. ಆಮೇಲೆ ಯಾರೋ ಬಂದ್ರಂತೆ, ಸರಿ ಹೋಯ್ತು" ಎಂದಿದ್ದಳು. ಯಾರು ಬಂದರು, ಎಲ್ಲಿಂದ ಬಂದರು, ಬಂದು ಏನು ಮಾಡಿದರು? ಹಾಸಿಗೆಯ ಮೇಲೆ ಮಲಗಿದ ರೋಗಿಗೆ ತನ್ನ ಬೆನ್ನಡಿಯ ಚಾದರ ಎಲ್ಲಿ ಒಗೆದು ಬಂತೆಂದು ಗೊತ್ತಿರುವುದಿಲ್ಲ. ಅದನ್ನು ಒಗೆಯುವ ಜಾಗವನ್ನು ಮುಚ್ಚಿಹೋಗದಂತೆ ಹಿಡಿದವರು ಯಾರೆಂದು ಗೊತ್ತಾಗುವುದಂತೂ ದೂರದ ಮಾತು. ಎಲೆಮರೆಯ ಕಾಯಿ ಅಂದರೆ ಇದೇ ಇರಬೇಕು ಎಂದುಕೊಂಡು ವಿಳಾಸ ಹುಡುಕಿ ಬಂದೆ.

ಇಲ್ಲಿ ನಡೆದದ್ದು ಇಷ್ಟು. ಈ ಲಾಂಡ್ರಿಯನ್ನು ಕಟ್ಟಿದ ಯಜಮಾನರು ಇದ್ದಕ್ಕಿದ್ದ ಹಾಗೆ ಪಾರ್ಶ್ವವಾಯು ಹೊಡೆದು ಬಿದ್ದರು. ಅವರ ಬಲಗೈಯಂತಿದ್ದ ಮ್ಯಾನೇಜರ್ ಆ ತಿಂಗಳೇ ಬೇರೆ ಕಂಪನಿ ಸೇರಿಕೊಂಡರು. ಹೋಗುವಾಗ ಇಬ್ಬರು ಡ್ರೈವರುಗಳನ್ನೂ ಕರೆದುಕೊಂಡು ಹೋದರು. ಯಜಮಾನರ ಮಗನಿಗೆ ಇದನ್ನು ಮಾರಿ ಕೈತೊಳೆದುಕೊಳ್ಳುವ ಆಸೆ. ಶಾಲೆಯಲ್ಲಿ ಪಾಠ ಮಾಡುವ ಮಗಳಿಗೆ ಅಪ್ಪ ಕಟ್ಟಿದ್ದನ್ನು ಉಳಿಸಿಕೊಳ್ಳುವ ಹಟ. ಎತ್ತು ಏರಿಗೆ, ಕೋಣ ನೀರಿಗೆ. ಕೊಳ್ಳಲು ಮುಂದೆ ಬಂದಿದ್ದ ದೊಡ್ಡ ಕಂಪನಿಗೆ ಬೇಕಾಗಿದ್ದದ್ದು ಆಸ್ಪತ್ರೆಗಳ ಗುತ್ತಿಗೆ ಮಾತ್ರ. ಮೆಷಿನ್ನೂ ಬೇಡ, ಮನುಷ್ಯರೂ ಬೇಡ. ಕೊನೆಗೆ ಅಣ್ಣ ತಂಗಿ ಒಂದು ಒಪ್ಪಂದಕ್ಕೆ ಬಂದರು. ಹೊರಗಿನಿಂದ ಒಬ್ಬರನ್ನು ಕರೆಸೋಣ. ಅವರು ಇದನ್ನು ಕಾಲ ಮೇಲೆ ನಿಲ್ಲಿಸಿ, ಮುಂದೆ ನಡೆಸಿಕೊಂಡು ಹೋಗುವವರನ್ನು ಇಲ್ಲೇ ಹುಡುಕಿ ಕೊಟ್ಟರೆ ಉಳಿಸೋಣ. ಇಲ್ಲದಿದ್ದರೆ ಮಾರೋಣ.

ಹಾಗೆ ಬಂದವರು ಹಂಗಾಮಿ ಮೇಡಂ. ಮೊದಲ ವಾರ ಯಾರೂ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಹಿಂದೊಮ್ಮೆ ಸಲಹೆಗಾರರು ಅಂತ ಒಬ್ಬರು ಬಂದು, ಗಾಜಿನ ಕೋಣೆಯಲ್ಲಿ ಕೂತು, ಮೂರು ಜನರನ್ನು ಮನೆಗೆ ಕಳಿಸಿ ಹೋಗಿದ್ದರಂತೆ. "ಇವರೂ ಅದೇ ಜಾತಿ ಅಂದ್ಕೊಂಡಿದ್ದೆ," ಎನ್ನುತ್ತಾರೆ ಬಾಯ್ಲರ್ ನೋಡಿಕೊಳ್ಳುವ ಹಿರಿಯರು. ಅವರನ್ನು ಎಲ್ಲರೂ ಕರೆಯುವುದು 'ಬಾಯ್ಲರ್ ತಾತ' ಎಂದೇ. "ಆದ್ರೆ ಈಯಮ್ಮ ಬಂದು ಏನ್ ಕೇಳಿದ್ರು ಗೊತ್ತಾ? 'ತಾತ, ಇಲ್ಲಿ ನಾನು ಯಾವುದನ್ನ ಮುಟ್ಟಬಾರದು?' ಅಂತ. ನನ್ನ ಆಯುಸ್ಸಲ್ಲಿ ಯಾವ ಮ್ಯಾನೇಜರೂ ಹಂಗೆ ಕೇಳಿರಲಿಲ್ಲ. 'ನನ್ನ ಬಾಯ್ಲರೊಂದು ಮುಟ್ಟಬೇಡಿ ತಾಯಿ, ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ' ಅಂದೆ."

ಈ ಪ್ರಶ್ನೆಯನ್ನು ಅವರು ಪ್ರತಿಯೊಬ್ಬರಿಗೂ ಕೇಳಿದ್ದಾರೆ. ಏನು ಸರಿಯಿಲ್ಲ ಅಂತ ಕೇಳಿದರೆ ಜನ ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರಂತೆ. ಏನನ್ನು ಮುಟ್ಟಬಾರದು ಅಂತ ಕೇಳಿದರೆ ತಮಗೆ ಯಾವುದು ಪ್ರಾಣ ಅನ್ನುವುದನ್ನು ಹೇಳುತ್ತಾರಂತೆ. ಮಡಚುವ ಮೇಜಿನ ಬಳಿಯ ಕಿಟಕಿ ಮುಚ್ಚಬೇಡಿ ಅಂದವರಿದ್ದಾರೆ. ಊಟದ ಹೊತ್ತಿನ ರೇಡಿಯೊ ಕಿತ್ತುಕೊಳ್ಳಬೇಡಿ ಅಂದವರಿದ್ದಾರೆ. ಕಿಟಕಿ ಈಗಲೂ ತೆರೆದಿದೆ. ರೇಡಿಯೊ ಊಟದ ಹೊತ್ತು ಮೀರಿಯೂ ಹಾಡುತ್ತದೆ ಅನ್ನುವುದು ನಾನು ಕಣ್ಣಾರೆ ಕಂಡ ಸತ್ಯ.

ಮೇಡಂ ಈ ದಾರಿಗೆ ಬಿದ್ದದ್ದು ಬಯಸಿ ಅಲ್ಲ. ಗಾಜಿನ ಬಾಟಲಿ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಅಲ್ಲೇ ಮೆಟ್ಟಿಲು ಹತ್ತುತ್ತಾ ಮ್ಯಾನೇಜರ್ ಆದವರು. ಊರೆಲ್ಲ ಪ್ಲಾಸ್ಟಿಕ್ ಬಾಟಲಿಗೆ ಒಗ್ಗಿಕೊಂಡ ಮೇಲೆ ಆ ಕುಲುಮೆ ಆರಿತು. ಆ ವಯಸ್ಸಿನಲ್ಲಿ ಕಾಯಂ ಕೆಲಸ ಕೊಡುವವರು ಯಾರು? ಸಂದರ್ಶನಕ್ಕೆ ಕರೆದವರೆಲ್ಲ ಗೌರವದಿಂದ ಟೀ ಕೊಟ್ಟು ಕಳಿಸಿದರು. ಕೊನೆಗೆ ಪರಿಚಯದ ಬಿಸ್ಕತ್ ಕಾರ್ಖಾನೆಯವರೊಬ್ಬರು, "ನಮ್ಮ ಮ್ಯಾನೇಜರಿಗೆ ಹೃದಯದ ಆಪರೇಷನ್. ಅವರು ಚೇತರಿಸಿಕೊಂಡು ಬರೋ ತನಕ ನೋಡ್ಕೊಳ್ತೀರಾ?" ಎಂದರು. ಬೇರೆಯವರ ಕುರ್ಚಿಯನ್ನು ಬಿಸಿ ಆರದಂತೆ ನೋಡಿಕೊಳ್ಳುವ ಕೆಲಸ. ಒಲ್ಲದ ಮನಸ್ಸಿನಿಂದ ಹೋದವರಿಗೆ ಅದೇ ರುಚಿಸಿಬಿಟ್ಟಿತು.

"ಅಲ್ಲಿ ಯಾರಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಹೇಗೂ ಹೋಗೋಳು ತಾನೇ? ನಂಗೂ ಯಾರ ಕುರ್ಚಿ ಮೇಲೂ ಕಣ್ಣಿರಲಿಲ್ಲ. ಅದಕ್ಕೆ ಜನ ಮನಸ್ಸು ಬಿಚ್ಚಿ ಮಾತಾಡ್ತಿದ್ರು. ಇಪ್ಪತ್ತು ವರ್ಷ ಒಂದೇ ಕಡೆ ಇದ್ದಾಗ ನಂಗೆ ಯಾರೂ ಅಷ್ಟು ಹೇಳಿರಲಿಲ್ಲ."

ಅಲ್ಲಿಂದಾಚೆಗೆ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಬದುಕು. ಬ್ರಷ್ ಮಾಡುವವರು, ಬಸ್ ಓಡಿಸುವವರು, ಮಕ್ಕಳ ಸೈಕಲ್ ಜೋಡಿಸುವವರು. ಕೆಲವು ಕಡೆ ಕಾಯಂ ಮ್ಯಾನೇಜರ್ ಸಿಗುವ ತನಕ ಪೂರ್ತಿ ಹೊತ್ತು. ಕೆಲವು ಕಡೆ ವಾರಕ್ಕೊಂದೇ ದಿನ. ಪೂರ್ತಿ ಮ್ಯಾನೇಜರನ್ನು ಇಟ್ಟುಕೊಳ್ಳುವ ಶಕ್ತಿಯಾಗಲಿ ಅಗತ್ಯವಾಗಲಿ ಇಲ್ಲದ ಸಣ್ಣ ಕಂಪನಿಗಳು ಹೀಗೆ ಒಬ್ಬರನ್ನೇ ಪಾಲು ಮಾಡಿಕೊಳ್ಳುತ್ತವೆ. ಲಾಂಡ್ರಿಗೆ ಬಂದ ಮೇಲೂ ಗುರುವಾರ ಮಾತ್ರ ಅವರು ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಾರೆ. ಔಷಧಿ ಸೀಸೆಗಳ ಲೇಬಲ್ ಅಚ್ಚು ಹಾಕುವ ಇಬ್ಬರು ಅಣ್ಣತಮ್ಮಂದಿರದು ಅದು. ಅಲ್ಲಿ ಇವರ ಹೆಸರು 'ಗುರುವಾರದಮ್ಮ'.

"ಬೇರೆ ದಿನ ನಮ್ಮಿಬ್ರಿಗೆ ಜಗಳ ಬಂದ್ರೆ, ಇರ್ಲಿ ಬಿಡು, ಗುರುವಾರದಮ್ಮ ಬರ್ಲಿ ಅಂತ ಸುಮ್ಮನಾಗ್ತೀವಿ," ಎನ್ನುತ್ತಾರೆ ಅಣ್ಣ. "ಅವರು ಬರೋ ಹೊತ್ತಿಗೆ ಯಾತಕ್ಕೆ ಜಗಳ ಆಡಿದ್ವಿ ಅನ್ನೋದೇ ಮರೆತು ಹೋಗಿರುತ್ತೆ," ಎಂದು ತಮ್ಮ ಮಾತು ಮುಗಿಸುತ್ತಾನೆ. ಬಂದು ಅವರು ಏನು ಮಾಡುತ್ತಾರೆ ಎಂದು ಕೇಳಿದೆ. "ಕೇಳಿಸ್ಕೊಳ್ತಾರೆ," ಎಂದ ತಮ್ಮ. ಅಣ್ಣ, "ಬೇಡ ಅಂತಾರೆ. ಹೊಸ ಮೆಷಿನ್ ತರೋಣ ಅಂತ ನಾವು ಕುಣೀತಿದ್ವಿ. ಬೇಡ ಅಂದ್ರು. ನಮಗೆ ಬೇಡ ಅನ್ನೋ ಹಿರಿಯರು ಮನೇಲಿ ಯಾರೂ ಉಳಿದಿರಲಿಲ್ಲ" ಎಂದರು.

ಎಲ್ಲ ಕಡೆಯೂ ಗೆದ್ದು ಬಂದೆ ಎನ್ನುವ ಬಡಾಯಿ ಮೇಡಂಗೆ ಇಲ್ಲ. ಸೈಕಲ್ ಜೋಡಿಸುವ ಕಂಪನಿ ಅವರ ಕಣ್ಣೆದುರೇ ಮುಚ್ಚಿತು. ಉಳಿಯುವುದಿಲ್ಲ ಎಂದು ಯಜಮಾನನಿಗೆ ಹೇಳಿದವರೂ ಅವರೇ. ಕೆಲಸ ಮಾಡುತ್ತಿದ್ದ ಒಬ್ಬೊಬ್ಬರನ್ನೂ ಬೇರೆ ಬೇರೆ ಕಡೆ ಸೇರಿಸಿ, ಕೊನೆಗೆ ಬೀಗ ಹಾಕಿ ಬಂದರು. ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. "ಹುಟ್ಟಿಸೋಕೆ ಸೂಲಗಿತ್ತಿ ಬೇಕು ಅಂತ ಎಲ್ರಿಗೂ ಗೊತ್ತು. ಸಾವಿನ ಮನೇಲೂ ಒಬ್ರು ಧೈರ್ಯದೋರು ಇರ್ಬೇಕಲ್ವಾ," ಎನ್ನುತ್ತಾರೆ ಅಷ್ಟೆ.

ಈ ಕೆಲಸದ ಕಷ್ಟ ಏನೆಂದು ಅವರ ಮನೆಯವರನ್ನು ಕೇಳಬೇಕು. ಗಂಡನದು ಕನ್ನಡಕದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. "ಇವಳಿಗೆ ಕೆಲಸ ಇದೆಯೋ ಇಲ್ವೋ ಅಂತ ಕೇಳಬೇಕಾಗಿಲ್ಲ. ಮನೆ ಕಪಾಟೆಲ್ಲ ಥಳಥಳ ಹೊಳೀತಿದ್ರೆ ಕೆಲಸ ಇಲ್ಲ ಅಂತ ಅರ್ಥ," ಎಂದು ನಗುತ್ತಾರೆ. ಒಂದು ಕೆಲಸ ಮುಗಿದು ಇನ್ನೊಂದು ಸಿಗುವ ತನಕ ಫೋನಿನ ಪಕ್ಕದಲ್ಲೇ ಕೂತು ಪಾತ್ರೆ ಉಜ್ಜುತ್ತಾರಂತೆ. ಪರ ಊರಿನ ಕೆಲಸವಾದರೆ ತಿಂಗಳುಗಟ್ಟಲೆ ಲಾಡ್ಜಿನ ಕೋಣೆ. ಮಗಳ ಪರೀಕ್ಷೆ ಫಲಿತಾಂಶ ಬಂದ ದಿನ ಅವರು ಯಾವುದೋ ಬಸ್ ಡಿಪೋದಲ್ಲಿ ಡ್ರೈವರುಗಳ ಮುಷ್ಕರ ಬಿಡಿಸುತ್ತಿದ್ದರು. "ನನ್ನ ಮಾರ್ಕ್ಸ್ ಎಷ್ಟು ಅಂತ ಅಮ್ಮನ ಜೊತೆಗೇ ನಲವತ್ತು ಜನ ಡ್ರೈವರಿಗೂ ಗೊತ್ತಾಯ್ತು. ಫೋನ್ ಸ್ಪೀಕರಲ್ಲಿ ಹಾಕಿದ್ರು," ಎನ್ನುತ್ತಾಳೆ ಮಗಳು. ಅವಳ ದನಿಯಲ್ಲಿ ಸಿಟ್ಟು ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಬೇರ್ಪಡಿಸಲು ಆಗಲಿಲ್ಲ.

ಜೊತೆಗೇ ಇರುವ ಅವರ ತಾಯಿಯದು ಬೇರೆಯೇ ತಕರಾರು. "ನಿಮ್ಮ ಮಗಳು ಎಲ್ಲಿ ಕೆಲಸ ಮಾಡೋದು ಅಂತ ನೆಂಟರು ಕೇಳ್ತಾರೆ. ಏನ್ ಹೇಳ್ಲಿ? ಹೋದ ವರ್ಷ ಬಸ್ಸು ಅಂದಿದ್ದೆ. ಈ ವರ್ಷ ಬಟ್ಟೆ ಒಗೆಯೋದು ಅಂದ್ರೆ, ಪಾಪ ಏನಾಯ್ತು ಅಂತ ಕೇಳ್ತಾರೆ! ಮ್ಯಾನೇಜರ್ ಅಂದ್ರೆ ನಂಬಲ್ಲ. ಅಷ್ಟೊಂದು ಕಡೆ ಯಾಕೆ ಬಿಡಿಸಿದ್ರು ಅಂತಾರೆ."

ಲಾಂಡ್ರಿಗೆ ಮರಳೋಣ. ಡ್ರೈವರುಗಳು ಸಿಕ್ಕರು, ಆಸ್ಪತ್ರೆಗಳು ಮತ್ತೆ ನಂಬಿದವು. ದಿನಕ್ಕೆ ಸಾವಿರಾರು ಚಾದರ ಹೊತ್ತಿಗೆ ಸರಿಯಾಗಿ ಹೊರಡತೊಡಗಿದವು. ಆದರೆ ನಿಜವಾದ ಪ್ರಶ್ನೆ ಹಾಗೇ ಇತ್ತು. ಮುಂದೆ ನಡೆಸುವವರು ಯಾರು? ಮೇಡಂ ಕಣ್ಣು ಬಿದ್ದದ್ದು ಇಸ್ತ್ರಿ ವಿಭಾಗದ ಆ ಮೇಲ್ವಿಚಾರಕಿಯ ಮೇಲೆ. ಎಲ್ಲರೂ ಆಕೆಯನ್ನು 'ಇಸ್ತ್ರಿ ಅಕ್ಕ' ಎನ್ನುತ್ತಾರೆ. ಹತ್ತು ವರ್ಷ ದೊಡ್ಡವರಾದ ಮೇಡಂ ಕೂಡ. ಅಕ್ಕನಿಗೆ ಕೆಲಸ ಗೊತ್ತು, ಜನರೂ ಗೊತ್ತು. ಗೊತ್ತಿಲ್ಲದ್ದು ಒಂದೇ. ತನ್ನವರಿಗೆ ಗಟ್ಟಿಯಾಗಿ ಒಂದು ಮಾತು ಹೇಳುವುದು.

ತೊಡಕು ಇದ್ದದ್ದು ಮನೆಯೊಳಗೇ. ಅಕ್ಕನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಇದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸಕ್ಕಿದ್ದಾಳೆ. ಒಂದೇ ಸೂರು, ಒಂದೇ ಒಲೆ. ಅಕ್ಕ ದಿನಾ ಎಲ್ಲರಿಗಿಂತ ಮೊದಲು ಬರುತ್ತಾರೆ. ಓರಗಿತ್ತಿ ದಿನಾ ಎಲ್ಲರಿಗಿಂತ ಕೊನೆಗೆ. ಉಳಿದವರು ಗುಸುಗುಸು ಅನ್ನುತ್ತಿದ್ದರು. ನಾವು ತಡ ಮಾಡಿದರೆ ಮುಖ ಗಂಟು ಹಾಕುವ ಅಕ್ಕ, ಮನೆಯವಳಿಗೆ ಮಾತ್ರ ಏನೂ ಅನ್ನುವುದಿಲ್ಲ ಅಂತ.

"ನೀವೇ ಒಂದು ಮಾತು ಹೇಳಿ ಮೇಡಂ ಅಂತ ಕಾಲು ಹಿಡಿಯೋದೊಂದು ಬಾಕಿ," ಎಂದು ಇಸ್ತ್ರಿ ಅಕ್ಕ ನೆನೆಸಿಕೊಳ್ಳುತ್ತಾರೆ. "ಅವರು, 'ನಂಗೆ ಟೀ ಕುಡೀಬೇಕು ಅನ್ನಿಸ್ತಿದೆ' ಅಂತ ಎದ್ದು ಹೋಗಿಬಿಟ್ರು! ಎಂಥಾ ಸಿಟ್ಟು ಬಂತು ಗೊತ್ತಾ?"

ಅವತ್ತು ಅಕ್ಕ ಎಲ್ಲರ ಎದುರಿಗೇ ಓರಗಿತ್ತಿಗೆ ಬೈದರು. ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಬಂತು. ಓರಗಿತ್ತಿ ಅರ್ಧ ಮಡಚಿದ ಚಾದರವನ್ನು ಮೇಜಿನ ಮೇಲೆ ಎಸೆದು ಹೊರಟುಹೋದಳು. ಅಂದು ಮನೆಯಲ್ಲಿ ಊಟದ ಹೊತ್ತಿಗೆ ಓರಗಿತ್ತಿ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಕೂತು ಉಂಡಳು. ಹಾಸಿಗೆ ಹಿಡಿದಿರುವ ಅತ್ತೆಯೂ ಕಿರಿಯ ಸೊಸೆಯ ಪರ. ಮರುದಿನ ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ನಂಗೆ ಬೇಡ ಮೇಡಂ ಈ ಮ್ಯಾನೇಜರ್ ಕೆಲಸ. ಮನೆ ಒಡೆಯೋ ಕೆಲಸ ಇದು. ಮಾರೋದಾದ್ರೆ ಮಾರ್ಕೊಳ್ಳಿ" ಎಂದುಬಿಟ್ಟರು.

ಮೇಡಂಗೂ ಅವತ್ತು ಹೆದರಿಕೆಯಾಯಿತಂತೆ. ತಾನು ಟೀ ಕುಡಿಯಲು ಹೋದದ್ದು ತಪ್ಪಾಯಿತೇನೋ ಎಂಬ ಅಳುಕು. ಆದರೂ ಸಮಾಧಾನ ಹೇಳಲಿಲ್ಲ. "ಬೈದ್ರಿ, ಆಯ್ತು. ಅವಳು ಯಾಕೆ ತಡ ಮಾಡ್ತಾಳೆ ಅಂತ ಕೇಳಿದ್ರಾ?" ಎಂದು ಮಾತ್ರ ಕೇಳಿದರು.

ಕೇಳಿರಲಿಲ್ಲ. ಒಂದೇ ಸೂರಿನಡಿ ಇದ್ದೂ ಕೇಳಿರಲಿಲ್ಲ. ಅವತ್ತು ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಓರಗಿತ್ತಿಯ ಪಕ್ಕ ಹೋಗಿ ನಿಂತು ಅಕ್ಕ ಕೇಳಿದರು. ಓರಗಿತ್ತಿ ಮುಖ ಎತ್ತದೆ ಕೊಟ್ಟ ಉತ್ತರವನ್ನು ಅವರು ನನಗೆ ಹೇಳುವಾಗ ದನಿ ಸಣ್ಣದಾಗುತ್ತದೆ. "'ನೀವು ಬೇಗ ಹೋಗ್ತೀರಲ್ಲ ಅಕ್ಕಾ, ಅದಕ್ಕೇ ನಂಗೆ ತಡ' ಅಂದ್ಳು. ಅತ್ತೆಗೆ ಮೈ ಒರೆಸಿ, ಬಟ್ಟೆ ಬದಲಾಯಿಸಿ, ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು ಬರ್ಬೇಕು. ನಾನು ಎಲ್ಲರಿಗಿಂತ ಮೊದಲು ಬರ್ತೀನಿ ಅಂತ ಬೀಗ್ತಿದ್ದೆನಲ್ಲ, ಆ ಹೊತ್ತೆಲ್ಲ ಅವಳದ್ದು."

ಮುಂದಿನದ್ದನ್ನು ಅಕ್ಕನೇ ಮಾಡಿದರು. ಮೇಡಂ ಹತ್ತಿರ ಕೇಳಲೂ ಇಲ್ಲ. ಗಂಡನನ್ನೂ ಮೈದುನನನ್ನೂ ಕೂರಿಸಿ, ಅಮ್ಮನ ಬೆಳಗಿನ ತಿಂಡಿ, ಮಾತ್ರೆ ಇನ್ನು ನಿಮ್ಮದು ಎಂದರು. ಮೈ ಒರೆಸಿ ಬಟ್ಟೆ ಬದಲಾಯಿಸುವುದು ವಾರಕ್ಕೊಬ್ಬ ಸೊಸೆಯದು. ಆ ವಾರ ಆಕೆ ಲಾಂಡ್ರಿಗೆ ಎರಡನೇ ಪಾಳಿಗೆ ಬಂದರೆ ಸಾಕು. ಮೊದಲ ದಿನ ಗಂಡಸರು ಗಂಜಿಯನ್ನು ತಳ ಹಿಡಿಸಿದರಂತೆ. ಅತ್ತೆ ಮಾತ್ರ ಮಕ್ಕಳ ಕೈಯಲ್ಲಿ ತಿನ್ನುವ ಖುಷಿಗೆ ಅದನ್ನೂ ಚಪ್ಪರಿಸಿದರಂತೆ. ಲಾಂಡ್ರಿಯಲ್ಲೂ ಅದೇ ಏರ್ಪಾಡು ಬಂತು. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದವರು ಮೊದಲೇ ಹೇಳಿದರೆ ಪಾಳಿ ಬದಲಾಯಿಸಿಕೊಳ್ಳಬಹುದು. ತಡವಾಗಿ ಬರುವವರ ಸಂಖ್ಯೆ ತಾನಾಗಿ ಇಳಿಯಿತು. ಬಾಯ್ಲರ್ ತಾತ ಕೂಡ ಒಂದು ದಿನ ಬಂದು, ಸಂಕೋಚದಿಂದ, ಹೆಂಡತಿಯ ಕಣ್ಣಿನ ಆಪರೇಷನ್ ಇದೆ ಎಂದು ಪಾಳಿ ಬದಲಾಯಿಸಿಕೊಂಡರು.

ಇದೆಲ್ಲ ಆದ ಮೇಲೆ ಯಜಮಾನರೇ ಗಾಲಿಕುರ್ಚಿಯಲ್ಲಿ ಕೂತು ಲಾಂಡ್ರಿಗೆ ಬಂದರು. ಮಗಳು ತಳ್ಳುತ್ತಿದ್ದಳು. ಮಗನೂ ಹಿಂದೆಯೇ ಬಂದ. ನಾನು ಅವತ್ತು ಅಲ್ಲೇ ಇದ್ದೆ. ಯಜಮಾನರ ಮಾತು ಇನ್ನೂ ತೊದಲು. ಮಡಚಿ ಜೋಡಿಸಿಟ್ಟ ಚಾದರಗಳ ಮೇಲೆ ಕೈಯಾಡಿಸಿ, ಅವರು ಮೇಡಂ ಕಡೆ ತಿರುಗಿದರು. "ನೀವು... ಇಲ್ಲೇ... ಇದ್ದುಬಿಡಿ." ಎಷ್ಟು ಸಂಬಳ ಕೇಳಿದರೂ ಕೊಡಲು ತಾನು ತಯಾರೆಂದು ಮಗನೂ ದನಿಗೂಡಿಸಿದ.

ಮೇಡಂ ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಡಾಕ್ಟರು ಒಳ್ಳೆಯವರು ಅಂತ ಆಸ್ಪತ್ರೇಲೇ ಉಳ್ಕೊಳ್ಳೋಕಾಗುತ್ತಾ ಸಾರ್? ನೀವು ಮನೆಗೆ ಬಂದ್ರಿ ತಾನೇ?" ಯಜಮಾನರ ಮುಖದ ಒಂದು ಬದಿ ಮಾತ್ರ ನಕ್ಕಿತು. ಆಮೇಲೆ ಅವರು ನಿಧಾನವಾಗಿ ಕೈ ಎತ್ತಿ ಇಸ್ತ್ರಿ ಅಕ್ಕನನ್ನು ಹತ್ತಿರ ಕರೆದರು. ಮಾರುವ ಮಾತು ಅಲ್ಲಿಗೆ ನಿಂತಿತು.

ಬೀಳ್ಕೊಡುಗೆ, ಭಾಷಣ ಯಾವುದೂ ಬೇಡ ಎಂದು ಮೇಡಂ ಮೊದಲೇ ಹೇಳಿದ್ದರು. ಕೊನೆಯ ದಿನ ಎಲ್ಲರ ಜೊತೆ ನಿಂತು ಟೀ ಕುಡಿದರು. ಓರಗಿತ್ತಿಯರಿಬ್ಬರೂ ಬಾಗಿಲ ತನಕ ಬಂದರು. "ಅಳಬಾರದು ಅಂದ್ಕೊಂಡಿರ್ತೀನಿ. ಪ್ರತಿ ಸಲ ಬಸ್ಸಲ್ಲಿ ಕೂತ ಮೇಲೆ ಅಳ್ತೀನಿ," ಎಂದು ಆಮೇಲೆ ನನಗೆ ಹೇಳಿದರು. "ಯಾವ ಗೋಡೆ ಮೇಲೂ ನನ್ನ ಫೋಟೊ ಇಲ್ಲ. ಇರ್ಬೇಕು ಅಂತ ಆಸೆ ಆಗಲ್ವಾ ಅಂತ ನನ್ನ ಮಗಳು ಕೇಳ್ತಾಳೆ. ಆಗುತ್ತೆ. ಒಂದೊಂದು ಸಲ ತುಂಬಾ ಆಗುತ್ತೆ."

ಈ ಬರಹ ಮುಗಿಸುವ ಮುನ್ನ, ಅವರು ಲಾಂಡ್ರಿ ಬಿಟ್ಟು ಎರಡು ತಿಂಗಳಾದ ಮೇಲೆ, ಯಾವುದೋ ವಿವರ ಖಚಿತಪಡಿಸಿಕೊಳ್ಳಲು ನಾನು ಅಲ್ಲಿಗೆ ಫೋನ್ ಮಾಡಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎತ್ತಿಕೊಂಡಳು. ಹಂಗಾಮಿ ಮೇಡಂ ಇದ್ದಾಗಿನ ವಿಷಯ ಎಂದೆ. "ಯಾರು? ಅಂಥೋರು ಯಾರೂ ಇಲ್ಲಿ ಇಲ್ವಲ್ಲ ಸಾರ್," ಎಂದಳು. "ಮ್ಯಾನೇಜರ್ ಬೇಕಿತ್ತಾ? ನಮ್ಮ ಅಕ್ಕ ಆಸ್ಪತ್ರೆಗೆ ಹೋಗಿದ್ದಾರೆ, ಹೊಸ ಗುತ್ತಿಗೆ ಮಾತಾಡೋಕೆ. ಬಂದ ಮೇಲೆ ಹೇಳ್ತೀನಿ."

ನನ್ನ ಮನಸ್ಸಿಗೆ ಪಿಚ್ಚೆನಿಸಿತು. ಮೇಡಂ ಆಗ ಬೇರೊಂದು ಊರಿನಲ್ಲಿ, ಶಾಲೆಯ ಬೆಂಚು ಮಾಡುವ ಕಾರ್ಖಾನೆಯಲ್ಲಿದ್ದರು. ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಫೋನಿನಲ್ಲಿ ಹೇಳಿಬಿಟ್ಟೆ. ಅವರು ಗರಗಸದ ಸದ್ದಿನಿಂದ ದೂರ ಸರಿದು ಕೇಳಿದರು.

"ಯಾರು ಅಂದ್ಳಾ?"

"ಹೌದು. ಅಂಥೋರು ಯಾರೂ ಇಲ್ಲಿ ಇಲ್ಲ ಅಂದ್ಳು."

"ಮ್ಯಾನೇಜರ್ ಅಂದ್ರೆ ನಮ್ಮ ಅಕ್ಕ ಅಂದ್ಳಾ?"

"ಹೌದು."

"ಇನ್ನೊಂದ್ಸಲ ಹೇಳಿ," ಎಂದರು. ಇನ್ನೊಂದು ಸಲ ಹೇಳಿದೆ. ಅವರು ನಕ್ಕರು. ಎಳೆಯ ಹುಡುಗಿಯ ಹಾಗೆ ನಕ್ಕರು. "ಸದ್ಯ! ಹಾಗಾದ್ರೆ ಅಲ್ಲಿ ನನ್ನ ಕೆಲಸ ಚೆನ್ನಾಗೇ ಆಗಿದೆ."